ಹೊಟ್ಟೆಯ ಮೇಲಿನ ಎರಡನೇ ಕೊಡೆ: ಹಳೆಯ ಸ್ಕೈಡೈವಿಂಗ್ ಚಿತ್ರಗಳ ಕಾಲನಿರ್ಣಯ

1950ರಿಂದ 1980ರ ನಡುವಿನ ಅಮೆರಿಕದ ಸ್ಕೈಡೈವಿಂಗ್ ಚಿತ್ರವೊಂದು ಕೈಗೆ ಸಿಕ್ಕರೆ ಮೊದಲು ನೋಡಬೇಕಾದ್ದು ಜಿಗಿಯುವವನ ಹೊಟ್ಟೆಯನ್ನು. ಅಲ್ಲಿ ಸಣ್ಣ ದಿಂಬಿನ ಗಾತ್ರದ ಗಂಟು ಕಟ್ಟಿದ್ದರೆ ಅದು ಮೀಸಲು ಪ್ಯಾರಾಶೂಟ್. ಗಂಟಿನ ಮೇಲೆ ಎರಡು ದುಂಡು ಮುಖಗಳು ಕಂಡರೆ ಒಂದು ಎತ್ತರ ತೋರಿಸುವ ಆಲ್ಟಿಮೀಟರ್, ಇನ್ನೊಂದು ಸ್ಟಾಪ್‌ವಾಚ್. ಆಮೇಲೆ ಕಣ್ಣು ಹೆಗಲಿಗೆ ಏರಬೇಕು, ಕೊನೆಗೆ ಹಿನ್ನೆಲೆಯ ವಿಮಾನಕ್ಕೆ ಹೋಗಬೇಕು. ಹಿರಿಯ ಜಿಗಿತಗಾರರ ಪೆಟ್ಟಿಗೆಗಳಲ್ಲಿ ಉಳಿದ ಎಷ್ಟೋ ಚಿತ್ರಗಳಿಗೆ ದಿನಾಂಕವಿಲ್ಲ, ಊರಿನ ಹೆಸರಿಲ್ಲ. ಅವರ ನೆನಪು ಸಮೃದ್ಧವಾದರೂ ವರ್ಷದ ಮಟ್ಟಿಗೆ ನಂಬಲರ್ಹವಲ್ಲ. ಆದರೆ ಮೈಮೇಲಿನ ಸಲಕರಣೆ ತನ್ನ ಕಾಲವನ್ನು ತಾನೇ ಹೇಳುತ್ತದೆ. ಹಾಗೆ ಓದುತ್ತ ಹೋದರೆ ಇನ್ನೊಂದು ಸಂಗತಿಯೂ ತೆರೆದುಕೊಳ್ಳುತ್ತದೆ: ಈ ಕ್ರೀಡೆ ತನ್ನ ಮೊದಲ ಎರಡು ದಶಕ ಬದುಕಿದ್ದು ಯುದ್ಧ ಬಿಟ್ಟುಹೋದ ಸಾಮಾನಿನ ಮೇಲೆ.

ವಿಮಾನದಿಂದ ಜಿಗಿದು, ಸ್ವಲ್ಪ ಹೊತ್ತು ಬೀಳುತ್ತ ಹೋಗಿ, ತಾನೇ ಹಿಡಿ ಎಳೆದು ಪ್ಯಾರಾಶೂಟ್ ಬಿಚ್ಚುವ ಕ್ರಮಕ್ಕೆ ದೃಢವಾದ ಬುನಾದಿ ಬಿದ್ದದ್ದು 1919ರ ಏಪ್ರಿಲ್ 28ರಂದು, ಓಹಾಯೋ ರಾಜ್ಯದ ಡೇಟನ್ ಬಳಿಯ ಮೆಕುಕ್ ಫೀಲ್ಡಿನಲ್ಲಿ. ಅಂದು ಜಿಗಿದ ಲೆಸ್ಲಿ ಇರ್ವಿನ್‌ನ ಪ್ಯಾರಾಶೂಟ್ ಸರಿಯಾಗಿ ಬಿಚ್ಚಿಕೊಂಡಿತು. ನೆಲಕ್ಕಿಳಿಯುವಾಗ ಕಾಲಿನ ಗಿಣ್ಣು ಮಾತ್ರ ಮುರಿಯಿತು. ಆಗಿನ ಬಟ್ಟೆ ರೇಷ್ಮೆ. ಎರಡನೇ ಮಹಾಯುದ್ಧದಲ್ಲಿ ಜಪಾನಿನ ರೇಷ್ಮೆ ನಿಂತುಹೋದಾಗ ಅಮೆರಿಕ ನೈಲಾನಿನತ್ತ ತಿರುಗಿತು. 1942ರ ಜೂನ್ ತಿಂಗಳಲ್ಲಿ ಕನೆಕ್ಟಿಕಟ್‌ನಲ್ಲಿ ಅಡಲೀನ್ ಗ್ರೇ ಎಂಬ ಯುವತಿ ಪಯೊನಿಯರ್ ಕಂಪನಿಯ ನೈಲಾನ್ ಪ್ಯಾರಾಶೂಟಿನಲ್ಲಿ ಜಿಗಿದು ಹೊಸ ಬಟ್ಟೆ ಮನುಷ್ಯನ ಭಾರ ತಾಳುತ್ತದೆಂದು ತೋರಿಸಿದಳು. ಅದೇ ಯುದ್ಧಕಾಲದಲ್ಲಿ ಬ್ರಿಟಿಷರ ಪ್ಯಾರಾಶೂಟ್ ಬೇಡಿಕೆ ಮೈಸೂರು ಸಂಸ್ಥಾನದ ರೇಷ್ಮೆಗೆ ಒಳ್ಳೆಯ ಬೆಲೆ ತಂದಿತ್ತು. ಯುದ್ಧ ಮುಗಿದ ಮೇಲೆ ಆ ಗಿರಾಕಿ ಮರಳಲಿಲ್ಲ. ಕ್ರೀಡೆಯಾಗಿ ಬೆಳೆದ ಸ್ಕೈಡೈವಿಂಗ್‌ನ ಚಿತ್ರಗಳಲ್ಲಿ ಕಾಣುವುದು ಬಹುಮಟ್ಟಿಗೆ ನೈಲಾನೇ.

ಯುದ್ಧಾನಂತರ ಸೇನೆ ಹರಾಜಿಗೆ ಹಾಕಿದ ಸಾಮಾನು ಅಗ್ಗವಾಗಿ ಸಿಗುತ್ತಿತ್ತು. ಬಿ-4, ಬಿ-12 ಎಂದು ಕರೆಯುವ ಬೆನ್ನುಚೀಲಗಳು ಮೂಲತಃ ಪೈಲಟ್‌ಗಳಿಗಾಗಿ ಹೊಲಿದವು. ಪೈಲಟ್ ಜಿಗಿಯುವುದು ವಿಮಾನ ಕೈಕೊಟ್ಟಾಗ ಮಾತ್ರ, ಆದ್ದರಿಂದ ಅವನ ಬೆನ್ನಿಗಿದ್ದದ್ದು ಒಂದೇ ಕೊಡೆ. ವಾರವಾರವೂ ಬೇಕೆಂದೇ ಜಿಗಿಯುವವನಿಗೆ ಎರಡನೆಯದು ಬೇಕಲ್ಲ! ಹಾಗಾಗಿ ಎದೆಯ ಪಟ್ಟಿಗಳಿಗೆ ಇಂಗ್ಲಿಷಿನ ಡಿ ಅಕ್ಷರದ ಆಕಾರದ ಲೋಹದ ಬಳೆಗಳನ್ನು ಹೊಲಿಸಿಕೊಂಡು, 24 ಅಡಿ ವ್ಯಾಸದ ಮೀಸಲು ಕೊಡೆಯನ್ನು ಅವಕ್ಕೆ ಕೊಕ್ಕೆಯಿಂದ ಸಿಕ್ಕಿಸಿದರು. ಚಿತ್ರದಲ್ಲಿ ಕಾಣುವ ಹೊಟ್ಟೆಯ ಗಂಟು ಹುಟ್ಟಿದ್ದು ಹೀಗೆ.

ಬೆನ್ನುಚೀಲದ ಒಳಗೆ ಹೆಚ್ಚಾಗಿ ಇರುತ್ತಿದ್ದದ್ದು ಸಿ-9: 28 ಅಡಿ ವ್ಯಾಸ, 28 ಪಟ್ಟೆ, 28 ದಾರ. ಪೂರ್ತಿ ಬಿಳಿಯದಾಗಿದ್ದರೆ ಒಂದು ಬಗೆ. ಕಿತ್ತಳೆ, ಬಿಳಿ, ಹಸಿರು, ಮರಳು ಬಣ್ಣಗಳ ಭಾಗಗಳಿದ್ದರೆ ಇನ್ನೊಂದು ಬಗೆ; ಬಿದ್ದ ಪೈಲಟ್ ಅವುಗಳಲ್ಲಿ ಕೆಲವನ್ನು ಅಡಗಿಕೊಳ್ಳಲು, ಕೆಲವನ್ನು ಗುರುತು ತೋರಿಸಲು ಬಳಸಲಿ ಎಂಬುದು ಸೇನೆಯ ಲೆಕ್ಕ. ದುಂಡು ಕೊಡೆ ಗಾಳಿ ತಳ್ಳಿದ ಕಡೆ ಹೋಗುತ್ತದೆ. ಜಿಗಿತಗಾರರು ಅದರ ಹಿಂಭಾಗದ ಪಟ್ಟೆಗಳಲ್ಲಿ ಬಟ್ಟೆಯನ್ನು ಕತ್ತರಿಸಿ ತೆಗೆದರು. ತೂತಿನಿಂದ ಹಿಂದಕ್ಕೆ ನುಗ್ಗುವ ಗಾಳಿ ಕೊಡೆಯನ್ನು ಮುಂದಕ್ಕೆ ತಳ್ಳುತ್ತದೆ. ತೂತಿನ ಅಂಚಿಗೆ ಕಟ್ಟಿದ ದಾರ ಎಳೆದರೆ ಕೊಡೆ ತಿರುಗುತ್ತದೆ. ಡಬಲ್-ಎಲ್, ಟಿ-ಯು ಎಂಬ ಹೆಸರುಗಳು ತೂತಿನ ಆಕಾರದಿಂದ ಬಂದವು. ಕೆಳಗಿನಿಂದ ತೆಗೆದ ಚಿತ್ರದಲ್ಲಿ ಆ ಆಕಾರ ಸ್ಪಷ್ಟವಾಗಿದ್ದರೆ ಸಂಶೋಧಕನ ಅರ್ಧ ಕೆಲಸ ಮುಗಿಯಿತು. ಮನೆಯ ಹೊಲಿಗೆ ಯಂತ್ರದ ಮೇಲೆ ಅಥವಾ ಪ್ಯಾರಾಶೂಟ್ ಮಡಚುವ ರಿಗ್ಗರ್‌ನ ಮೇಜಿನ ಮೇಲೆ ನಡೆದ ಈ ಕತ್ತರಿಯ ಕೆಲಸ ಯಾವ ಕಂಪನಿಯ ಕ್ಯಾಟಲಾಗಿನಲ್ಲೂ ಅದರ ನಿಜವಾದ ಪ್ರಮಾಣದಲ್ಲಿ ಸಿಗುವುದಿಲ್ಲ. ಅದಕ್ಕೆ ಚಿತ್ರಗಳೇ ಸಾಕ್ಷಿ.

ಕೊಡೆಯ ನೆತ್ತಿಯ ಮೇಲೆ ಉದ್ದನೆಯ ಬಟ್ಟೆಯ ಕೊಳವೆ ಜೋತಾಡುತ್ತಿದೆಯೇ ಎಂಬುದನ್ನೂ ನೋಡಬೇಕು. ಅದು ಸ್ಲೀವ್. ದಾರಗಳೆಲ್ಲ ಬಿಚ್ಚಿಕೊಂಡ ಮೇಲಷ್ಟೇ ಬಟ್ಟೆ ಅರಳುವಂತೆ ಮಾಡಿ, ಬಿಚ್ಚುವಾಗಿನ ಜಗ್ಗನ್ನು ಅದು ತಗ್ಗಿಸಿತು. ಗಾಳಿಯಲ್ಲಿ ಕೈಕಾಲು ಚಾಚಿ ಸ್ಥಿರವಾಗಿ ಬೀಳುವ ವಿದ್ಯೆ ಮತ್ತು ಸ್ಲೀವ್ ಎರಡರಲ್ಲೂ ಫ್ರಾನ್ಸ್ ಮುಂದಿತ್ತು. ಅವನ್ನು 1950ರ ದಶಕದ ನಡುವಿನಲ್ಲಿ ಅಮೆರಿಕದಲ್ಲಿ ಬೇರೂರಿಸಿದವರಲ್ಲಿ ಪ್ರಮುಖ ಜಾಕ್ ಇಸ್ಟೆಲ್. 1959ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಆರೆಂಜ್ ಎಂಬ ಊರಿನಲ್ಲಿ ಆತ ತೆರೆದ ಕೇಂದ್ರಕ್ಕೆ ಸೈನಿಕರಲ್ಲದವರೂ ಬಂದು ಜಿಗಿತ ಕಲಿತರು. 1962ರ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದೂ ಅಲ್ಲೇ.

1964ರಲ್ಲಿ ಪಯೊನಿಯರ್ ಕಂಪನಿ ಪ್ಯಾರಾ-ಕಮಾಂಡರ್ ಹೊರತಂದಿತು. ಮೂಲ ಕಲ್ಪನೆ ಫ್ರಾನ್ಸ್‌ನ ಪಿಯೆರ್ ಲೆಮ್ವಾನ್ಯನದು. ನೆತ್ತಿಯನ್ನು ಒಳಕ್ಕೆ ಎಳೆದ, ಮೈತುಂಬ ಸೀಳುಗಳಿರುವ, ಗಾಢ ಬಣ್ಣಗಳ ಈ ಕೊಡೆಯನ್ನು ಹಿರಿಯರು ಪಿಸಿ ಎಂದು ಪ್ರೀತಿಯಿಂದ ಕರೆಯುತ್ತಾರೆ. ಕ್ರೀಡೆಗೆ ಸೂಕ್ತವಾದ ಕೊಡೆ ಕಂಪನಿಯಿಂದಲೇ ಹೊಲಿದು ಬಂತು, ಕತ್ತರಿಯ ಕಾಲ ಮುಗಿಯುತ್ತ ಬಂತು. ಆದರೂ ಇದನ್ನು ಕ್ರಾಂತಿಯೆಂದು ಕರೆಯಲು ನನಗೆ ಮನಸ್ಸಿಲ್ಲ. ಅದು ದುಂಡು ಕೊಡೆಯ ಕೊನೆಯ, ಅತ್ಯುತ್ತಮ ರೂಪವಷ್ಟೆ.

ನಿಜವಾದ ತಿರುವು ಬೇರೆ ಕಡೆಯಿಂದ ಬಂತು. ಗಾಳಿಪಟಗಳ ವಿನ್ಯಾಸಕಾರ ಡೊಮಿನಾ ಜಾಲ್ಬರ್ಟ್ 1964ರಲ್ಲಿ ಅರ್ಜಿ ಹಾಕಿ 1966ರಲ್ಲಿ ಪಡೆದ ಪೇಟೆಂಟಿನಲ್ಲಿ ಎರಡು ಪದರದ ಬಟ್ಟೆ, ನಡುವೆ ಸಾಲು ಕೋಣೆಗಳು; ಮುಂದಿನ ಬಾಯಿಂದ ನುಗ್ಗಿದ ಗಾಳಿಯೇ ಬಟ್ಟೆಗೆ ರೆಕ್ಕೆಯ ಆಕಾರ ಕೊಡುತ್ತದೆ. ತೊಂದರೆಯೆಂದರೆ ಇಂಥ ರೆಕ್ಕೆ ಫಟ್ಟನೆ ಅರಳಿ ಜಿಗಿತಗಾರನನ್ನೂ ಬಟ್ಟೆಯನ್ನೂ ಘಾಸಿಗೊಳಿಸುತ್ತಿತ್ತು. ಹಲವು ಹಗ್ಗ, ಬಳೆಗಳ ಪ್ರಯೋಗಗಳ ನಂತರ ಗೆದ್ದದ್ದು ಸ್ಲೈಡರ್: ನಾಲ್ಕು ಮೂಲೆಗಳಲ್ಲಿ ಬಳೆಗಳಿರುವ ಬಟ್ಟೆಯ ತುಂಡು. ದಾರಗಳು ಈ ಬಳೆಗಳೊಳಗಿಂದ ಹಾದುಹೋಗುತ್ತವೆ. ಎದುರು ಗಾಳಿ ತುಂಡನ್ನು ಮೇಲಕ್ಕೆ ಒತ್ತಿ ಹಿಡಿದಿರುವುದರಿಂದ ರೆಕ್ಕೆ ನಿಧಾನವಾಗಿ ಅಗಲವಾಗುತ್ತದೆ. 1970ರ ದಶಕದ ನಡುವಿನಲ್ಲಿ ಪ್ಯಾರಾ-ಫ್ಲೈಟ್ ಕಂಪನಿಯ ಸ್ಟ್ರಾಟೋ-ಸ್ಟಾರ್ ಜೊತೆ ಅದು ಜನಪ್ರಿಯವಾಯಿತು. ಈ ಕ್ರೀಡೆಯ ಇತಿಹಾಸದಲ್ಲಿ ಅತ್ಯಂತ ಮುಖ್ಯ ವಸ್ತು ಯಾವುದೆಂದು ಕೇಳಿದರೆ ನಾನು ಈ ತುಂಡನ್ನೇ ತೋರಿಸುತ್ತೇನೆ. ಚಿತ್ರದಲ್ಲಿ ಜಿಗಿತಗಾರನ ತಲೆಯ ಮೇಲೆ ಅದು ಮುದುಡಿಕೊಂಡು ನಿಂತಿದ್ದರೆ ಚಿತ್ರ ಎಪ್ಪತ್ತರ ದಶಕಕ್ಕಿಂತ ಹಿಂದಿನದಲ್ಲ.

ಹೆಗಲಿನ ಸಾಕ್ಷ್ಯವೂ ಅಷ್ಟೇ ಗಟ್ಟಿ. ದಪ್ಪ ಲೋಹದ ಕೇಪ್‌ವೆಲ್ ಬಕಲ್ ಹುಟ್ಟಿದ್ದು, ನೆಲಕ್ಕಿಳಿದವನನ್ನು ಗಾಳಿ ಎಳೆದುಕೊಂಡು ಹೋಗುವಾಗ ಕೊಡೆಯನ್ನು ಕಳಚಲು. ಕೆಟ್ಟ ಕೊಡೆಯನ್ನು ಆಕಾಶದಲ್ಲೇ ಕಳಚಲೂ ಜಿಗಿತಗಾರರು ಅದನ್ನೇ ಬಳಸಿದರು. ಎರಡೂ ಹೆಗಲುಗಳ ಮುಚ್ಚಳ ತೆರೆದು ಎಳೆಯುವಷ್ಟರಲ್ಲಿ ಎತ್ತರ ಕರಗುತ್ತಿತ್ತು. ಎಪ್ಪತ್ತರ ದಶಕದಲ್ಲಿ ಬಿಲ್ ಬೂತ್ ರೂಪಿಸಿದ ಮೂರು ಬಳೆಗಳ ಜೋಡಣೆಯಲ್ಲಿ ಒಂದೇ ಹಿಡಿ ಎಳೆದರೆ ಎರಡೂ ಕಡೆ ಬಿಟ್ಟುಕೊಳ್ಳುತ್ತದೆ. ಇದೇ ವೇಳೆಗೆ ಮೀಸಲು ಕೊಡೆಯೂ ಹೊಟ್ಟೆ ಬಿಟ್ಟು ಬೆನ್ನೇರಿತ್ತು.

ಇನ್ನು ವಿಮಾನ. ಸೆಸ್ನಾ 182 ಕಂಡರೆ ಚಿತ್ರ 1956ರ ನಂತರದ್ದು. ಬಾಲದ ರೆಕ್ಕೆ ನೇರವಾಗಿದ್ದರೆ ಅದು ಹಳೆಯ ಮಾದರಿ; ಹಿಂದಕ್ಕೆ ಬಾಗಿದ ಬಾಲ ಬಂದದ್ದು 1960ರ ಮಾದರಿಯಲ್ಲಿ, ಹಿಂಬದಿಯ ಕಿಟಕಿ 1962ರ ಮಾದರಿಯಲ್ಲಿ. ಆದರೆ ವಿಮಾನಗಳು ದಶಕಗಟ್ಟಲೆ ಹಾರುತ್ತವೆ. ಆದ್ದರಿಂದ ವಿಮಾನದ ಸಾಕ್ಷ್ಯ ಇದಕ್ಕಿಂತ ಹಿಂದಿನದಲ್ಲ ಎಂದಷ್ಟೇ ಹೇಳಬಲ್ಲದು. ಬೀಚ್ 18 ಮೊದಲು ಹಾರಿದ್ದು 1937ರಲ್ಲಿ, ಡಿಸಿ-3 1935ರಲ್ಲಿ. ಇವೆರಡೂ ಎಷ್ಟೋ ವರ್ಷಗಳ ನಂತರವೂ ಬಾಗಿಲು ಕಳಚಿಟ್ಟು ಜಿಗಿತಗಾರರನ್ನು ಹೊತ್ತವು.

ಯುದ್ಧದಿಂದ ಉಳಿದ ವಿಮಾನಗಳ ಕಥೆಗೆ ಒಂದು ಕರಾಳ ಅಧ್ಯಾಯವೂ ಇದೆ. 1967ರ ಆಗಸ್ಟ್ 27ರಂದು ಓಹಾಯೋದಲ್ಲಿ ಬಿ-25 ಬಾಂಬರಿನಿಂದ ಮೋಡಗಳ ಮೇಲೆ ಜಿಗಿದ 18 ಜನ ಈರೀ ಸರೋವರಕ್ಕೆ ಬಿದ್ದರು. 16 ಜನ ತೀರಿಕೊಂಡರು. ನೆಲದ ರೇಡಾರ್ ನಿಯಂತ್ರಕ ಬೇರೊಂದು ವಿಮಾನವನ್ನೇ ಬಾಂಬರ್ ಎಂದು ತಿಳಿದು ಜಾಗ ಹೇಳಿದ್ದ. ಆ ಕಾಲದ ಚಿತ್ರಗಳಲ್ಲಿ ಗತ್ತಿನ ಗುರುತಾಗಿ ಕಾಣುವ ದಪ್ಪ ಬೂಟು, ಭಾರದ ಬಕಲ್, ಹೊಟ್ಟೆಯ ಗಂಟು ನೀರಿನಲ್ಲಿ ಏನಾಗುತ್ತವೆ ಎಂಬುದನ್ನು ಹಳೆಯ ಸಲಕರಣೆಯನ್ನು ಹೊಗಳುವ ಬರಹಗಳು ಮರೆಯಬಾರದು.

ಚಿತ್ರ ತೆಗೆದ ಸಾಧನವೂ ಇದೇ ಕಥೆಯ ಭಾಗ. ಬರ್ಲಿನ್ನಿನ ವಿಲ್ಲಿ ರೂಗೆ 1931ರಲ್ಲೇ ಜಿಗಿಯುತ್ತ ತನ್ನನ್ನು ತಾನೇ ಚಿತ್ರಿಸಿಕೊಂಡಿದ್ದ. ಆದರೆ ಅಮೆರಿಕದ ಜಿಗಿತಗಾರರ ಹೆಲ್ಮೆಟ್ ಏರಿದ ಕ್ಯಾಮೆರಾಗಳಲ್ಲಿ ಮುಖ್ಯವಾದದ್ದು ಯುದ್ಧವಿಮಾನದ ಗುರಿ ದಾಖಲಿಸಲು ಮಾಡಿದ 16 ಮಿಮೀ ಗನ್ ಕ್ಯಾಮೆರಾ. ಅದೂ ಹರಾಜಿನ ಮಾಲೇ. 1969ರ ದಿ ಜಿಪ್ಸಿ ಮಾತ್ಸ್ ಚಲನಚಿತ್ರಕ್ಕೆ ಆಕಾಶದ ದೃಶ್ಯ ಸೆರೆಹಿಡಿದ ಕಾರ್ಲ್ ಬೋನಿಷ್ ಹೆಲ್ಮೆಟ್ ಕ್ಯಾಮೆರಾವನ್ನು ಕಲೆಯ ಮಟ್ಟಕ್ಕೆ ಏರಿಸಿದ. ಕೊಡಾಕ್ ಸ್ಲೈಡುಗಳ ರಟ್ಟಿನ ಚೌಕಟ್ಟಿನ ಮೇಲೆ ತಿಂಗಳು, ವರ್ಷ ಒತ್ತಿರುವುದುಂಟು. ಅದು ಫಿಲ್ಮ್ ತೊಳೆದ ದಿನಾಂಕ, ಜಿಗಿದ ದಿನಾಂಕವಲ್ಲ.

ಒಂದೇ ಚಿತ್ರದಲ್ಲಿ ಹೊಸದೂ ಹಳೆಯದೂ ಬೆರೆತಿದ್ದರೆ ಯಾವುದನ್ನು ನಂಬಬೇಕು? ಹೊಸದನ್ನು. ಅತಿ ಹೊಸ ವಸ್ತು ಕಾಲದ ಕೆಳಮಿತಿಯನ್ನು ಹೇಳುತ್ತದೆ. ಹಳೆಯದು ಜಿಗಿತಗಾರನ ಜೇಬನ್ನೋ ಅನುಭವವನ್ನೋ ಹೇಳುತ್ತದೆ. ಪಿಸಿ ಬಂದ ಎಷ್ಟೋ ವರ್ಷಗಳವರೆಗೆ ಹೊಸಬರಿಗೆ ಸಿಗುತ್ತಿದ್ದದ್ದು ತೂತು ಕತ್ತರಿಸಿದ ಸಿ-9 ಕೊಡೆಯೇ. ಈ ಕ್ರಮ ನಾಗರಿಕ ಕ್ರೀಡೆಗೆ ಮಾತ್ರ ಅನ್ವಯಿಸುತ್ತದೆ. ಸೇನೆಯ ಪ್ಯಾರಾಟ್ರೂಪರ್‌ಗಳು ದುಂಡು ಕೊಡೆಯನ್ನೂ ಮುಂದೆ ಕಟ್ಟುವ ಮೀಸಲು ಕೊಡೆಯನ್ನೂ ಈಗಲೂ ಬಳಸುವುದರಿಂದ ಆಗ್ರಾದ ತರಬೇತಿ ಶಾಲೆಯ ಚಿತ್ರವೊಂದನ್ನು ಹೊಟ್ಟೆಯ ಗಂಟು ನೋಡಿ ಅರವತ್ತರ ದಶಕದ್ದೆಂದು ತೀರ್ಮಾನಿಸಿದರೆ ಎಡವಿದಂತೆ. ಅಲ್ಲಿ ವಿಮಾನ, ಸಮವಸ್ತ್ರ, ಬ್ಯಾಡ್ಜ್ ಇವೇ ಆಧಾರ.

ಪ್ಯಾರಾಶೂಟ್ ರೆಜಿಮೆಂಟಿನ ತರಬೇತಿ ಕೇಂದ್ರ ಬೆಂಗಳೂರಿನಲ್ಲಿದೆ. ನಿವೃತ್ತ ಜಿಗಿತಗಾರರ ಕುಟುಂಬಗಳು ಕರ್ನಾಟಕದಲ್ಲೂ ಇವೆ. ನಿಮ್ಮ ಮನೆಯಲ್ಲಿ ಅಂಥ ಚಿತ್ರಗಳಿದ್ದರೆ, ಹಿರಿಯರು ಇರುವಾಗಲೇ ಕೇಳಿ, ಪ್ರತಿ ಚಿತ್ರದ ಹಿಂದೆ ಮೆದು ಪೆನ್ಸಿಲಿನಿಂದ ಹೆಸರು, ಊರು, ವಿಮಾನ, ವರ್ಷ ಬರೆದಿಡಿ. ಜಿಗಿತದ ಲಾಗ್‌ಬುಕ್ ಇದ್ದರೆ ಅದನ್ನು ಚಿತ್ರಗಳಿಂದ ಬೇರ್ಪಡಿಸಬೇಡಿ.