ಆ್ಯಪ್‌ನ ಕೋಡ್ ಬೇರೆ, ಪರದೆ ಮಾತ್ರ ಒಂದೇ: ಕಾನೂನು ಏನು ಹೇಳುತ್ತದೆ?

ಅಹಮದಾಬಾದ್‌ನ ಬೋಪಾಲ್‌ನಲ್ಲಿ (ಮಧ್ಯಪ್ರದೇಶದ ಭೋಪಾಲ್ ಅಲ್ಲ) ಸಣ್ಣ ಕಂಪನಿಯೊಂದು ಅಂಗಡಿಗಳಿಗಾಗಿ ಬಿಲ್ಲಿಂಗ್ ಆ್ಯಪ್ ತಯಾರಿಸಿತು ಎಂದುಕೊಳ್ಳೋಣ. ಆರು ತಿಂಗಳಲ್ಲಿ ಅದೇ ಬಣ್ಣ, ಅದೇ ಮೆನು, ಅದೇ ಬಟನ್‌ಗಳ ಇನ್ನೊಂದು ಆ್ಯಪ್ ಮಾರುಕಟ್ಟೆಗೆ ಬರುತ್ತದೆ. ಒಳಗಿನ ಕೋಡ್ ಮಾತ್ರ ಪೂರ್ತಿ ಬೇರೆ. ಕೋರ್ಟ್‌ಗೆ ಹೋದರೆ ಗೆಲ್ಲಬಹುದೇ?

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಂ ಒಂದು ಸಾಹಿತ್ಯ ಕೃತಿ. ಹಾಗಾಗಿ ಕೋಡ್ ಕದ್ದರೆ ಅದು ಉಲ್ಲಂಘನೆ. ಐಕಾನ್, ಚಿತ್ರಗಳಿಗೆ ಕಲಾಕೃತಿ ಎಂಬ ನೆಲೆಯಲ್ಲಿ ರಕ್ಷಣೆ ಕೇಳಬಹುದು. ಆದರೆ ಯಾವ ಬಟನ್ ಒತ್ತಿದರೆ ಏನಾಗಬೇಕು ಎಂಬುದು ಬಳಕೆಯ ವಿಧಾನ. ತನ್ನ 1-2-3 ಸ್ಪ್ರೆಡ್‌ಶೀಟ್‌ನ ಮೆನುವನ್ನು ಬೋರ್ಲ್ಯಾಂಡ್ ನಕಲು ಮಾಡಿದೆ ಎಂದು ದೂರಿದ್ದ ಲೋಟಸ್ ಕಂಪನಿ 1995ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯದಲ್ಲಿ ಸೋತದ್ದು ಇದೇ ಕಾರಣಕ್ಕೆ. ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ 'ನುಡಿ' ಸೇರಿದಂತೆ ಹಲವು ತಂತ್ರಾಂಶಗಳಲ್ಲಿದೆ. ಕೀಲಿಗಳ ಜಾಗ ಒಬ್ಬರ ಹಿಡಿತದಲ್ಲಿದ್ದಿದ್ದರೆ ತಂತ್ರಾಂಶ ಬದಲಿಸಿದಾಗಲೆಲ್ಲ ಟೈಪಿಂಗ್ ಹೊಸದಾಗಿ ಕಲಿಯಬೇಕಿತ್ತು.

ನಿಜವಾದ ತೊಡಕು ಇರುವುದು ಕಾಯ್ದೆಯ 15ನೇ ಸೆಕ್ಷನ್‌ನಲ್ಲಿ. ವಿನ್ಯಾಸವೆಂದು ನೋಂದಾಯಿಸಬಹುದಾಗಿದ್ದನ್ನು ನೋಂದಾಯಿಸದೆ, ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಪ್ರತಿ ಮಾಡಿದರೆ ಕೃತಿಸ್ವಾಮ್ಯವೇ ಹೋಗುತ್ತದೆ. ಫೇಸ್‌ಬುಕ್‌ನಲ್ಲಿ ಜನಪ್ರಿಯವಾಗಿದ್ದ 'ಸ್ಕ್ರಾಬ್ಯುಲಸ್' ಆಟದ ವಿರುದ್ಧ ಮ್ಯಾಟೆಲ್ ಕಂಪನಿ ಹೂಡಿದ್ದ ದಾವೆಯಲ್ಲಿ ಆದದ್ದು ಇದೇ. 2008ರ ಸೆಪ್ಟೆಂಬರ್‌ನಲ್ಲಿ ದೆಹಲಿ ಹೈಕೋರ್ಟ್, 'ಸ್ಕ್ರಾಬಲ್' ಹೆಸರನ್ನು ಹೋಲುವ ಹೆಸರಿಗೆ ತಡೆ ನೀಡಿತು. ಆಟದ ಮಣೆಯ ಮೇಲಿನ ಕೃತಿಸ್ವಾಮ್ಯದ ವಾದವನ್ನು ಒಪ್ಪಲಿಲ್ಲ. ಕೋಲ್ಕತ್ತಾದ ಸಹೋದರರ ಆ ಆಟ ಮುಂದೆ 'ಲೆಕ್ಸುಲಸ್' ಎಂಬ ಹೆಸರಿನಲ್ಲಿ ಮುಂದುವರಿಯಿತು.

ಇದೇ ಸೆಕ್ಷನ್ ಇತ್ತೀಚೆಗೆ ಗುಜರಾತ್‌ನಿಂದಲೇ ಸುಪ್ರೀಂ ಕೋರ್ಟ್‌ಗೆ ಹೋಯಿತು. ಎಲ್‌ಎನ್‌ಜಿ ಸಾಗಿಸುವ ಟ್ರೇಲರ್‌ಗಳ ರೇಖಾಚಿತ್ರ ನಕಲಾಗಿದೆ ಎಂದು ಐನಾಕ್ಸ್ ಇಂಡಿಯಾ ಹೂಡಿದ್ದ ದಾವೆಯನ್ನು ವಡೋದರಾದ ವಾಣಿಜ್ಯ ನ್ಯಾಯಾಲಯ ಆರಂಭದಲ್ಲೇ ತಳ್ಳಿಹಾಕಿತ್ತು. ಗುಜರಾತ್ ಹೈಕೋರ್ಟ್ ಅದಕ್ಕೆ ಮರುಜೀವ ಕೊಟ್ಟಿತು. 2025ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ಹೈಕೋರ್ಟ್ ಆದೇಶವನ್ನು ಎತ್ತಿಹಿಡಿದು, ಎರಡು ಹಂತದ ಪರೀಕ್ಷೆ ಸೂಚಿಸಿತು. ಅದು ಶುದ್ಧ ಕಲಾಕೃತಿಯೇ, ಇಲ್ಲವೇ ಅದರಿಂದ ಹುಟ್ಟಿ ಕೈಗಾರಿಕಾ ಉತ್ಪಾದನೆಗೆ ಬಳಕೆಯಾದ ವಿನ್ಯಾಸವೇ ಎಂಬುದು ಮೊದಲ ಪ್ರಶ್ನೆ. ಕಲಾಕೃತಿ ಅಲ್ಲವಾದರೆ, ಅದರ ಪ್ರಧಾನ ಉದ್ದೇಶ ಅಂದವೋ ಉಪಯೋಗವೋ ಎಂಬುದು ಎರಡನೆಯದು. ಟ್ರೇಲರ್‌ಗೂ ಆ್ಯಪ್‌ಗೂ ಎತ್ತಣಿಂದೆತ್ತ ಸಂಬಂಧ ಎನಿಸಬಹುದು. ಆದರೆ ಆ್ಯಪ್ ಪರದೆಗೂ ಇದೇ ಪ್ರಶ್ನೆ ಎದುರಾಗುತ್ತದೆ.

ಹಾಗಿದ್ದರೆ ಪರದೆಯನ್ನೇ ವಿನ್ಯಾಸವಾಗಿ ನೋಂದಾಯಿಸಬಹುದೇ? ಯುಎಸ್‌ಟಿ ಗ್ಲೋಬಲ್‌ನ ಇಂಥ ಅರ್ಜಿಯನ್ನು ಪೇಟೆಂಟ್ ಮತ್ತು ವಿನ್ಯಾಸ ಕಚೇರಿ ತಿರಸ್ಕರಿಸಿತ್ತು. 2023ರ ಮಾರ್ಚ್‌ನಲ್ಲಿ ಕಲ್ಕತ್ತಾ ಹೈಕೋರ್ಟ್ ಆ ಆದೇಶ ರದ್ದುಪಡಿಸಿ, ಹೊಸದಾಗಿ ಪರಿಶೀಲಿಸಲು ಹೇಳಿತು. ಡೆವಲಪರ್‌ಗಳಿಗೆ ಇದು ಸಂತಸದ ಸುದ್ದಿ ಎನಿಸಿದರೂ ಅಡಕತ್ತರಿಯೂ ಹೌದು. ಪರದೆ ನೋಂದಣಿಗೆ ಅರ್ಹ ಎಂದಾದರೆ, ನೋಂದಾಯಿಸದವರ ಮೇಲೆ 50 ಪ್ರತಿಗಳ ಲೆಕ್ಕ ಬೀಳಬಹುದು. ಡೌನ್‌ಲೋಡ್ ಎಂಬುದು ಕೈಗಾರಿಕಾ ಪ್ರತಿಯೇ ಎಂದು ವಕೀಲರು ವಾದಿಸಲು ಜಾಗವಂತೂ ಇದೆ.

ನೋಂದಣಿಯಿಂದ ಸಿಗುವ ರಕ್ಷಣೆ 10 ವರ್ಷ, ವಿಸ್ತರಿಸಿದರೆ ಇನ್ನೂ 5 ವರ್ಷ. ಅರ್ಜಿಗೆ ಮುನ್ನ ವಿನ್ಯಾಸ ಬಹಿರಂಗವಾಗಿರಬಾರದು. ಬೋಪಾಲ್‌ನ ಆ ಕಂಪನಿ ಆ್ಯಪ್ ಅನ್ನು ಈಗಾಗಲೇ ಪ್ಲೇ ಸ್ಟೋರ್‌ಗೆ ಹಾಕಿದ್ದರೆ ಆ ಬಾಗಿಲು ಮುಚ್ಚಿದಂತೆ. ಆಗ ಉಳಿಯುವುದು ಗ್ರಾಹಕರು ಮೋಸಹೋಗುತ್ತಿದ್ದಾರೆಂದು ಸಾಬೀತುಪಡಿಸುವ 'ಪಾಸಿಂಗ್ ಆಫ್' ದಾವೆ. ಐಕಾನ್, ಚಿತ್ರಗಳನ್ನು ಯಥಾವತ್ತಾಗಿ ಎತ್ತಿಕೊಂಡಿದ್ದರೆ ಅದರ ಮೇಲೂ ಹೋರಾಡಬಹುದು.