ನಾಡಿಯ ನಡಿಗೆ

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ಉಗಿಬಂಡಿಯು 34 ಕಿಲೋಮೀಟರು ಕ್ರಮಿಸಿ ಥಾಣೆಯನ್ನು ಸೇರಿ, ಮರುವರ್ಷವೇ ಅದರ ಹಳಿಗಳು ಕಲ್ಯಾಣದವರೆಗೆ (ಶರಣರ ಕಲ್ಯಾಣವಲ್ಲ, ಉಲ್ಹಾಸ ನದಿಯ ದಂಡೆಯದು) ಚಾಚಿಕೊಂಡಾಗ, ಸೂರ್ಯನನ್ನೂ ಭರತ ಇಳಿತಗಳನ್ನೂ ನೋಡಿ ಬದುಕುತ್ತಿದ್ದ ಆ ಸೀಮೆಗೆ ನಿಮಿಷವೆಂಬ ಹೊಸ ಅಧಿಕಾರಿಯು ಪ್ರವೇಶಿಸಿದನು. ಆದರೆ ಆ ಅಧಿಕಾರಿಯ ಆಳ್ವಿಕೆಯು ಇನ್ನೂ ದೇಹವನ್ನು ಮುಟ್ಟಿರಲಿಲ್ಲ. ಆಗ ದೇಹದ ಬಳಲಿಕೆಯನ್ನು ತಿಳಿಯಬಲ್ಲವನು ವೈದ್ಯನು; ಅವನ ಉಪಕರಣವೋ ಮೂರು ಬೆರಳುಗಳು. ಶಾರ್ಙ್ಗಧರ ಸಂಹಿತೆಯು ವಾತದ ನಾಡಿಗೆ ಹಾವು ಜಿಗಣೆಗಳ ಗತಿಯನ್ನೂ, ಪಿತ್ತದ್ದಕ್ಕೆ ಕಾಗೆ ಕಪ್ಪೆಗಳ ಗತಿಯನ್ನೂ, ಕಫದ್ದಕ್ಕೆ ಹಂಸ ಪಾರಿವಾಳಗಳ ಗತಿಯನ್ನೂ ಹೇಳಿದೆ. ಬಡಿತಗಳ ಸಂಖ್ಯೆಗಿಂತ ಅವುಗಳ ನಡಿಗೆಗೆ ಮಹತ್ತ್ವವಿತ್ತ ಈ ದೃಷ್ಟಿಯು ನನಗೆ ಇಂದಿಗೂ ಸೋಜಿಗವೆನಿಸುತ್ತದೆ.

ಆ ನಡಿಗೆಯತ್ತ ಪಶ್ಚಿಮದ ಕಣ್ಣೂ ಹರಿದಿತ್ತು. ಉಸಿರನ್ನೆಳೆದಾಗ ನಾಡಿಯು ತ್ವರೆಗೊಂಡು, ಬಿಟ್ಟಾಗ ನಿಧಾನವಾಗುವುದನ್ನು ಜರ್ಮನಿಯ ಶರೀರಕ್ರಿಯಾ ವಿಜ್ಞಾನಿ ಕಾರ್ಲ್ ಲುಡ್ವಿಗ್ 1847ರಲ್ಲಿ ಯಂತ್ರವು ಎಳೆದ ಗೆರೆಯಲ್ಲಿ ಕಂಡನು. 1963ರಲ್ಲಿ ಹಾನ್ ಮತ್ತು ಲೀ ಎಂಬ ಸಂಶೋಧಕರು, ಗರ್ಭಸ್ಥ ಶಿಶುವು ಸಂಕಟಕ್ಕೀಡಾದಾಗ ಬಡಿತದ ವೇಗವು ಕೆಡುವ ಮೊದಲೇ ಬಡಿತಗಳ ನಡುವಣ ಅಂತರಗಳ ವ್ಯತ್ಯಾಸವು ಕುಗ್ಗುವುದನ್ನು ತೋರಿಸಿದರು.

ಇತ್ತ ಆ ಉಗಿಬಂಡಿಯ ಸೀಮೆಯಲ್ಲೇ, ಇಂದಿನ ನವಿ ಮುಂಬಯಿಗೆ ಎದುರಾಗಿ, ಖಾಡಿಯಾಚೆಯ ಟ್ರಾಂಬೆಯಲ್ಲಿ, ಭಾಭಾ ಪರಮಾಣು ಸಂಶೋಧನ ಕೇಂದ್ರದ ವಿಜ್ಞಾನಿಗಳು ಅತ್ಯಲ್ಪ ವಿದ್ಯುತ್ತನ್ನು ಶರೀರದಲ್ಲಿ ಹಾಯಿಸಿ, ರಕ್ತಸಂಚಾರದಿಂದ ಅದಕ್ಕೊದಗುವ ತಡೆಯ ಏರಿಳಿತವನ್ನು ಅಳೆಯುವ ಉಪಕರಣಗಳನ್ನು ನಿರ್ಮಿಸಿ, ಕ್ರಮೇಣ ನಾಡಿಯ ಚಂಚಲತೆಯ ಅಧ್ಯಯನಕ್ಕೂ ಅವನ್ನು ಅಳವಡಿಸಿದರು. ಪರಮಾಣುವಿನ ಮನೆಯಲ್ಲಿ ನಾಡಿಪರೀಕ್ಷೆ ನಡೆದುದು ವಿಚಿತ್ರವೆನಿಸೀತು. ಆದರೆ ಸೂಕ್ಷ್ಮ ಸಂಕೇತಗಳನ್ನು ಗದ್ದಲದಿಂದ ಬೇರ್ಪಡಿಸುವ ವಿದ್ಯೆಯು ಅಲ್ಲಿ ಮೊದಲೇ ನೆಲೆಸಿತ್ತು.

ಇಂದು ನಾಡಿಯ ಚಂಚಲತೆಯ ಲೆಕ್ಕವು, ಥಾಣೆ ಕಲ್ಯಾಣಗಳ ನಡುವಣ ಡೊಂಬಿವಲಿಯ ಗುಮಾಸ್ತನ ಕೈಗಡಿಯಾರಕ್ಕಿಳಿದಿದೆ. ನಿಮಿಷಕ್ಕೆ 60 ಬಡಿತವಿದ್ದರೂ ಬಡಿತಗಳ ನಡುವಣ ಒಂದು ಅಂತರ 950 ಮಿಲಿಸೆಕೆಂಡು, ಮುಂದಿನದು 1,040 ಆಗಬಹುದು. ಇಂಥ ಅನುಕ್ರಮ ವ್ಯತ್ಯಾಸಗಳ ವರ್ಗಗಳ ಸರಾಸರಿಗೆ ವರ್ಗಮೂಲ ತೆಗೆದರೆ ಒಂದು ಅಂಕಿ ದೊರೆಯುತ್ತದೆ. ಹೃದಯವನ್ನು ಉಸಿರಿನೊಡನೆ ತಡೆತಡೆದು ಬಿಡುವ ವೇಗಸ್ ನರದ ಪ್ರಭಾವವು ನಿದ್ರಾಹೀನತೆ, ಜ್ವರ, ಮದ್ಯ, ಮಿತಿಮೀರಿದ ದುಡಿಮೆಗಳಿಂದ ತಗ್ಗಿದಾಗ ಈ ಅಂಕಿಯೂ ಸಾಮಾನ್ಯವಾಗಿ ಇಳಿಯುತ್ತದೆ. ವಿಶ್ರಾಂತಿ ದೊರೆತಾಗ ಏರುತ್ತದೆ. ವಯಸ್ಸು ಹೆಚ್ಚಿದಂತೆ ಅದು ತಾನಾಗಿಯೇ ಕುಗ್ಗುವುದರಿಂದ ಪಕ್ಕದವನ ಅಂಕಿಯೊಡನೆ ಹೋಲಿಸುವುದು ನಿರರ್ಥಕ. ಬೆಳಿಗ್ಗೆ ಎಚ್ಚರವಾದೊಡನೆ, ಒಂದೇ ಭಂಗಿಯಲ್ಲಿ, ಹಲವು ದಿನ ಅಳೆದು ತನ್ನದೇ ಸರಾಸರಿಯೊಡನೆ ತೂಗಬೇಕು. ಅಂಕಿಯು ಇಳಿದುದು ಲೋಕಲ್ ಗಾಡಿಯ ನೂಕುನುಗ್ಗಲಿನಿಂದಲೋ, ಮನೆಯ ದುಃಖದಿಂದಲೋ, ಬರಲಿರುವ ಜ್ವರದಿಂದಲೋ ಎಂಬುದನ್ನು ಕೈಗಡಿಯಾರವು ಅರಿಯದು. ಅದಕ್ಕೆ, ಆ ಹಳೆಯ ವೈದ್ಯನಂತೆ, ನಿದ್ರೆ ಬಂದಿತೇ, ಊಟವೇನು ಮಾಡಿದಿರಿ ಎಂದು ಯಾರಾದರೂ ಕೇಳಬೇಕು.