ಪೈಪೋಟಿಯಿಂದ ಜೊತೆಯಾಟಕ್ಕೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಂಥ ಮೇಜಿನಾಟಗಳಲ್ಲಿ ಪಾತ್ರಧಾರಿಗಳು ಒಂದೇ ತಂಡವಾಗಿ ಹೊರಡುವುದು ಇಂದು ತೀರಾ ಸಹಜವೆನಿಸುತ್ತದೆ. ಆದರೆ ಈ ಆಟದ ಬೇರಿರುವುದು ಪೈಪೋಟಿಯಲ್ಲಿ. 1969ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಡೇವಿಡ್ ವೆಸ್ಲಿ ನಡೆಸಿದ 'ಬ್ರೌನ್‌ಸ್ಟೈನ್' ಆಟದಲ್ಲಿ ಪ್ರತಿಯೊಬ್ಬರಿಗೂ ಬೇರೆ ಪಾತ್ರ, ಬೇರೆ ಗುರಿ. ಅದೇ ಬಳಗದ ಡೇವ್ ಆರ್ನೆಸನ್ ತಮ್ಮ 'ಬ್ಲ್ಯಾಕ್‌ಮೂರ್'ನಲ್ಲಿ ಆಟಗಾರರನ್ನು ಕೋಟೆಯಡಿಯ ನೆಲಮಾಳಿಗೆಗಳಿಗೆ ಇಳಿಸಿದರು. ಅಲ್ಲಿ ಒಂಟಿಯಾಗಿ ಬದುಕುಳಿಯುವುದು ಕಷ್ಟ. 1974ರಲ್ಲಿ ಆರ್ನೆಸನ್ ಮತ್ತು ಗ್ಯಾರಿ ಗೈಗ್ಯಾಕ್ಸ್ ರೂಪಿಸಿದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ನಿಯಮಗಳು ಅಚ್ಚಾದಾಗ ಈ ಅವಲಂಬನೆಗೆ ಗಟ್ಟಿ ರೂಪ ಬಂತು. ಮಾಂತ್ರಿಕನ ಮಂತ್ರ ಬಲವಾದದ್ದು, ಮೈ ದುರ್ಬಲ. ಅವನಿಗೆ ಯೋಧನ ಮರೆ ಬೇಕು, ಯೋಧನ ಗಾಯ ಮಾಯಿಸಲು ಪಾದ್ರಿ ಬೇಕು. ಜೊತೆಗಾರನಿಗೆ ನೆರವಾಗುವುದು ಇಲ್ಲಿ ಸೌಜನ್ಯದಿಂದ ಹುಟ್ಟಿದ್ದಲ್ಲ, ಆಟದ ರಚನೆಯಿಂದಲೇ ಹುಟ್ಟಿದ್ದು ಎಂಬುದು ನನ್ನ ವಾದ.

ಭಿನ್ನಮತಕ್ಕೂ ನಿಯಮವೇ ದಾರಿ ಹುಡುಕಿತು. 1981ರ ಟಾಮ್ ಮೋಲ್ಡ್ವೇ ಆವೃತ್ತಿಯಲ್ಲಿ 'ಕಾಲರ್' ಆದವರು ತಂಡದ ನಿರ್ಧಾರವನ್ನು ಆಟ ನಡೆಸುವವರಿಗೆ ತಿಳಿಸುತ್ತಿದ್ದರು. ಹಾಗಾಗಿ ತಕರಾರು ಮೊದಲು ಆಟಗಾರರ ನಡುವೆಯೇ ಇತ್ಯರ್ಥವಾಗಬೇಕಿತ್ತು. 2000ದ ಆವೃತ್ತಿಯಲ್ಲಿ ಜೊತೆಗಾರನ ನೆರವಿಗೆ ದಾಳದ ಮೊತ್ತಕ್ಕೆ 2 ಸೇರಿದರೆ, 2014ರದ್ದರಲ್ಲಿ ನೆರವು ಪಡೆದವರು ಇಪ್ಪತ್ತು ಮುಖದ ದಾಳವನ್ನು ಎರಡು ಸಲ ಉರುಳಿಸಿ ಹೆಚ್ಚಿನದನ್ನು ಇಟ್ಟುಕೊಳ್ಳಬಹುದು. ನಿಯಮದಿಂದ ಒಗ್ಗಟ್ಟು ಬರುವುದಾದರೆ 1984ರ 'ಪ್ಯಾರನೋಯಾ' ಎಂಬ ಇಂಥದೇ ಪಾತ್ರದಾಟ ಏಕೆ ದ್ರೋಹವನ್ನೇ ನೆಚ್ಚಿತು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಅಲ್ಲಿ ದ್ರೋಹಕ್ಕೂ ನಿಯಮವೇ ಆಸರೆ. ಪ್ರತಿ ಪಾತ್ರಕ್ಕೂ ಆರು ತದ್ರೂಪಿಗಳ ಸರಣಿಯಿದೆ: ಗೆಳೆಯನ ಗುಂಡಿಗೆ ಒಬ್ಬ ಸತ್ತರೆ ಮುಂದಿನವ ಬರುತ್ತಾನೆ, ಆಟಗಾರ ಮೇಜು ಬಿಟ್ಟೇಳಬೇಕಿಲ್ಲ.